ಕರೆಂಟೂ ಕಾಸೂ: ಎರಡು ವಿಷಯ ಒಟ್ಟಿಗೆ ಓದುವ ಯೋಜನೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ 2004ನೇ ಸಾಲಿನ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿ. ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಿಇ ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಾಳೆ ಯಾವ ಹೊತ್ತಿಗೆ ಎಷ್ಟು ವಿದ್ಯುತ್ ಬೇಕಾಗಬಹುದು ಎಂದು ಲೆಕ್ಕ ಹಾಕುವ ತಂತ್ರಾಂಶ ಬರೆಯುವುದು ನನ್ನ ಕೆಲಸ. "ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಎಲ್ಲ ಕೋರ್ಸುಗಳ ಪಟ್ಟಿ ಓದಿದರೆ ನಿಮಗೆ ನಿದ್ದೆ ಬರುತ್ತದೆ. ಆದ್ದರಿಂದ ಈಗ ನಮ್ಮ ಮನೆಯಲ್ಲೇ ನಡೆಯುತ್ತಿರುವ ಒಂದು ಚರ್ಚೆಯನ್ನೇ ನಿಮ್ಮ ಮುಂದಿಡುತ್ತೇನೆ.

ನನ್ನ ಅಕ್ಕನ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಅವಳಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗೂ ಬೇಕು, ಅರ್ಥಶಾಸ್ತ್ರವೂ ಬೇಕು. ನಮ್ಮ ಭಾವ ರೈತರು. "ಎರಡು ದೋಣಿ ಮೇಲೆ ಕಾಲಿಟ್ಟವಳು ದಡ ಸೇರ್ತಾಳಾ?" ಎಂದು ಅವರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಮಗಳಿಗೆ ಈ ಆಸೆ ಹುಟ್ಟಿದ್ದು ಭಾವನ ಬೋರ್‌ವೆಲ್ಲಿನಿಂದಲೇ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಎಷ್ಟೋ ದಿನ ರಾತ್ರಿಯೇ ಬರುತ್ತದೆ. ಹಾವು ಚೇಳಿನ ಭಯದಲ್ಲಿ ಟಾರ್ಚು ಹಿಡಿದು ಹೋಗಿ ನೀರು ಕಟ್ಟಬೇಕು. "ಮಾಮ, ಹಗಲು ಯಾಕೆ ಕೊಡಲ್ಲ?" ಎಂದು ಅವಳು ಕೇಳಿದಳು.

ಎಂಜಿನಿಯರನ ಉತ್ತರ ಹೀಗಿದೆ: ಬೆಳಿಗ್ಗೆ ಮತ್ತು ಸಂಜೆ ಮನೆ, ಅಂಗಡಿ, ಕಾರ್ಖಾನೆಗಳ ಹೊರೆ ಏರುತ್ತದೆ. ಪಂಪ್‌ಸೆಟ್ಟುಗಳೂ ಅದೇ ಹೊತ್ತಿಗೆ ಓಡಿದರೆ ಫೀಡರ್ ತಡೆಯುವುದಿಲ್ಲ, ಅದಕ್ಕೆ ಅವನ್ನು ರಾತ್ರಿಗೆ ತಳ್ಳುತ್ತಾರೆ. ಅವಳು ಅಲ್ಲಿಗೇ ಬಿಡಲಿಲ್ಲ. "10 ಎಚ್‌ಪಿವರೆಗೆ ರೈತರಿಗೆ ಕರೆಂಟು ಉಚಿತ ಅಂತಾರೆ. ಹಾಗಾದರೆ ಅದರ ದುಡ್ಡು ಯಾರು ಕೊಡ್ತಾರೆ?" ಸರ್ಕಾರ ಸಬ್ಸಿಡಿಯಾಗಿ ಎಸ್ಕಾಂಗಳಿಗೆ ಕೊಡುತ್ತದೆ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಈಗ ಪಾವಗಡದಂಥ ಕಡೆ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಬಿಸಿಲಿರುವಾಗ ವಿದ್ಯುತ್ ಅಗ್ಗವಾಗುತ್ತದೆ, ಸಂಜೆ ದುಬಾರಿಯಾಗುತ್ತದೆ. ಹಾಗಾದರೆ ಪಂಪ್‌ಸೆಟ್ಟನ್ನು ಹಗಲಿಗೆ ತರಬಹುದಲ್ಲವೇ? ತರಬಹುದು. ಆದರೆ ಅದಕ್ಕೆ ತಂತಿಯ ಲೆಕ್ಕವೂ ಗೊತ್ತಿರಬೇಕು, ಹಣದ ಲೆಕ್ಕವೂ ಗೊತ್ತಿರಬೇಕು. ಒಂದನ್ನು ಮಾತ್ರ ಬಲ್ಲವರು ಅರ್ಧ ಉತ್ತರ ಕೊಡುತ್ತಾರೆ.

ನನ್ನ ಕೆಲಸದಲ್ಲೂ ಇದೇ ಕಥೆ. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಿನವನ್ನು 15 ನಿಮಿಷಗಳ 96 ಭಾಗ ಮಾಡಿ, ಒಂದೊಂದು ಭಾಗಕ್ಕೂ ಬೇರೆ ಬೆಲೆ ಕಟ್ಟುತ್ತಾರೆ. ಬಿಇ ಕೊನೆಯ ವರ್ಷದಲ್ಲಿ ನಾವು ಒಂದು ಲೆಕ್ಕ ಮಾಡುತ್ತೇವೆ: ಹಲವು ಜನರೇಟರುಗಳಿವೆ, ಒಟ್ಟು ಖರ್ಚು ಕಡಿಮೆಯಾಗಬೇಕಾದರೆ ಯಾವುದನ್ನು ಎಷ್ಟು ಓಡಿಸಬೇಕು? ಅದರಲ್ಲಿ ಲ್ಯಾಂಬ್ಡಾ ಎಂಬ ಅಕ್ಷರ ಬರುತ್ತದೆ. ಇನ್ನೊಂದು ಯೂನಿಟ್ ಬೇಕಾದರೆ ಎಷ್ಟು ಹೆಚ್ಚು ಖರ್ಚಾಗುತ್ತದೆ ಎಂಬುದೇ ಅದರ ಅರ್ಥ. ಅರ್ಥಶಾಸ್ತ್ರದವರು ಅದನ್ನೇ ಸೀಮಾಂತ ವೆಚ್ಚ ಎನ್ನುತ್ತಾರೆ. ಗಣಿತ ಒಂದೇ, ಹೆಸರು ಎರಡು. ಅಮೆರಿಕದ ಎಂಐಟಿಯ ಎಲೆಕ್ಟ್ರಿಕಲ್ ಎಂಜಿನಿಯರ್ ಫ್ರೆಡ್ ಶ್ವೆಪ್ಪೆ ಮತ್ತು ಅವರ ಸಂಗಡಿಗರು ಹೊತ್ತಿಗೊಂದು ವಿದ್ಯುತ್ ದರ ಹೇಗಿರಬೇಕು ಎಂದು 1988ರಲ್ಲೇ ಪುಸ್ತಕ ಬರೆದರು.

ನಮ್ಮ ನಾಡಿಗೂ ಇದು ಹೊಸದಲ್ಲ. ಅಣೆಕಟ್ಟು ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಮೈಸೂರು ಬ್ಯಾಂಕ್ ಆರಂಭವಾಯಿತು. 1934ರಲ್ಲಿ ಅವರು ಭಾರತದ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕವನ್ನೇ ಬರೆದರು.

ಈಗ ದಾರಿಗಳನ್ನು ನೋಡೋಣ. ಮೊದಲನೆಯದು ಪಿಲಾನಿಯ ಬಿಟ್ಸ್. ಅಲ್ಲಿ ಎಂಎಸ್ಸಿ ಅರ್ಥಶಾಸ್ತ್ರಕ್ಕೆ ಸೇರಿ, ಮೊದಲ ವರ್ಷದ ಅಂಕಗಳ ಮೇಲೆ ಬಿಇ ಪದವಿಯನ್ನೂ ಜೊತೆಗೆ ಪಡೆಯಬಹುದು, ಒಟ್ಟು ಐದು ವರ್ಷ. ಅದು ಖಾಸಗಿ ಸಂಸ್ಥೆ, ಶುಲ್ಕ ದೊಡ್ಡದು. ಎರಡನೆಯದು ಕಾನ್ಪುರದ ಐಐಟಿ. ಅಲ್ಲಿ ಒಂದು ವಿಭಾಗಕ್ಕೆ ಸೇರಿದವರು ಅಂಕ ಚೆನ್ನಾಗಿದ್ದರೆ ಇನ್ನೊಂದನ್ನೂ ಮುಖ್ಯ ವಿಷಯವಾಗಿ ಓದಬಹುದು. ಆದರೆ ಐಐಟಿ ಪ್ರವೇಶ ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತೇ ಇದೆ.

ಮೂರನೆಯ ದಾರಿ ನಮ್ಮಂಥ ಮನೆಗಳಿಗೆ ಹತ್ತಿರದ್ದು. ನಾನು ಓದುವಾಗ ಅದು ಇರಲಿಲ್ಲ. 2022ರಲ್ಲಿ ಯುಜಿಸಿ ಏಕಕಾಲದಲ್ಲಿ ಎರಡು ಪದವಿ ಓದಲು ಒಪ್ಪಿಗೆ ಕೊಟ್ಟಿತು. ಅದರಂತೆ ಸಿಇಟಿ ಬರೆದು ಸರ್ಕಾರಿ ಕಾಲೇಜಿನಲ್ಲಿ ಬಿಇ ಓದುತ್ತಾ, ಇಗ್ನೋ ಅಥವಾ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಬಿಎ ಮಾಡಬಹುದು. ಮೈಸೂರಿನಲ್ಲಿ ಬಿಎಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಒಂದು ಎಚ್ಚರಿಕೆ: ಎಂಜಿನಿಯರಿಂಗಿಗೆ ಬೇರೆ ನಿಯಂತ್ರಣ ಸಂಸ್ಥೆಯ ನಿಯಮಗಳೂ ಇವೆ. ಆದ್ದರಿಂದ ನಿಮ್ಮ ವಿಶ್ವವಿದ್ಯಾನಿಲಯ ಒಪ್ಪುತ್ತದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ಕೇಳಿ ಬರಹದಲ್ಲೇ ಪಡೆಯಿರಿ. ಬಾಯಿಮಾತು ಸಾಲದು.

ನಾವು ಮನೆಯಲ್ಲಿ ಮಾಡಿದ ಯೋಜನೆ ಒಂದು ಹಾಳೆಯಷ್ಟೇ. ಎಂಟು ಸೆಮಿಸ್ಟರಿಗೆ ಎಂಟು ಮನೆ ಗೀಟು ಹಾಕಿದೆವು. ಮೊದಲು ಎರಡಕ್ಕೂ ಬೇಕಾದ ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭವನೀಯತೆ, ಸಂಖ್ಯಾಶಾಸ್ತ್ರ ಬರೆದೆವು. ಇಷ್ಟನ್ನು ಗಟ್ಟಿಯಾಗಿ ಕಲಿತರೆ ಸರ್ಕ್ಯೂಟ್, ಸಿಗ್ನಲ್ಸ್, ಕಂಟ್ರೋಲ್ ಒಂದರ ಹಿಂದೆ ಒಂದು ಬರುತ್ತವೆ. ಆ ಕಡೆ ಅಂಕಿಅಂಶಗಳಿಂದ ಆರ್ಥಿಕ ಸಂಬಂಧ ಅಳೆಯುವ ಎಕನಾಮೆಟ್ರಿಕ್ಸ್ ಕೂಡ ಸಂಖ್ಯಾಶಾಸ್ತ್ರದ ಬೆನ್ನಿಗೇ ಬರುತ್ತದೆ. ಮೊದಲ ವರ್ಷ ಬಿಇ ಮಾತ್ರ. ಒಂದೂ ವಿಷಯ ಬಾಕಿ ಉಳಿಯದಿದ್ದರೆ ಎರಡನೆಯ ವರ್ಷ ಬಿಎಗೆ ಸೇರ್ಪಡೆ. ಮೆಷಿನ್ಸ್ ಲ್ಯಾಬ್ ಇರುವ ಸೆಮಿಸ್ಟರಿನಲ್ಲಿ ಬಿಎಯ ಕಷ್ಟದ ಪತ್ರಿಕೆ ಬೇಡ. ಎರಡೂ ಕಡೆಯ ಪರೀಕ್ಷೆ ಒಂದೇ ದಿನ ಬಂದರೆ ಬಿಇಗೆ ಮೊದಲ ಸ್ಥಾನ, ಬಿಎ ಮುಂದಿನ ಬಾರಿಗೆ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ನಿಧಾನವಾಗಿ ಮುಗಿಸಲು ಅವಕಾಶವಿದೆ.

ಹಾಳೆಯ ಕೆಳಗೆ ಭಾವ ತಮ್ಮ ಷರತ್ತನ್ನು ಬರೆಸಿದರು: "ಬಿಇಯಲ್ಲಿ ಎರಡು ವಿಷಯ ಹೋದರೆ ಬಿಎ ನಿಲ್ಲಿಸಬೇಕು." ಮಗಳು ಒಪ್ಪಿ ಸಹಿ ಹಾಕಿದಳು. ಇದು ಅವಿಶ್ವಾಸವಲ್ಲ ಮಕ್ಕಳೇ. ಆ ಮನೆಯಲ್ಲಿ ಇನ್ನೊಬ್ಬ ತಮ್ಮ ಓದಬೇಕು, ಬೋರ್‌ವೆಲ್ ಸಾಲ ತೀರಬೇಕು. ಒಂದು ವರ್ಷ ತಡವಾದರೆ ಅದರ ಬೆಲೆ ಕಟ್ಟುವವರು ಅಪ್ಪ ಅಮ್ಮ. ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಬರೆದುಕೊಂಡ ಯೋಜನೆಗೆ ಮನೆಯವರು ಧೈರ್ಯವಾಗಿ ಒಪ್ಪುತ್ತಾರೆ. ಎರಡು ಪದವಿ ಇದ್ದ ಮಾತ್ರಕ್ಕೆ ಎರಡರಷ್ಟು ಸಂಬಳ ಬರುತ್ತದೆ ಎಂದು ನಾನು ಹೇಳಲಾರೆ. ಬರುವುದು ಎರಡು ಕಡೆಯವರೊಡನೆ ಮಾತಾಡುವ ಶಕ್ತಿ.

ಹತ್ತನೆಯ ತರಗತಿಯ ಮಕ್ಕಳೇ, ನೀವು ಈಗಲೇ ಏನೂ ನಿರ್ಧರಿಸಬೇಕಾಗಿಲ್ಲ. ನಿಮ್ಮ ಚೀಲದಲ್ಲಿ ಎರಡೂ ಇವೆ: ವಿಜ್ಞಾನದ ಪುಸ್ತಕದಲ್ಲಿ ಓಮ್‌ನ ನಿಯಮ, ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅರ್ಥಶಾಸ್ತ್ರ. ಅರ್ಥಶಾಸ್ತ್ರದ ಪಾಠವನ್ನು ಅಂಕಕ್ಕಾಗಿ ಮಾತ್ರ ಓದಬೇಡಿ. ಎಂಜಿನಿಯರಿಂಗ್ ಬೇಕೆನ್ನುವವರು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬೇಡಿ. ಅರ್ಥಶಾಸ್ತ್ರವನ್ನು ಆಮೇಲೂ ಸೇರಿಸಿಕೊಳ್ಳಬಹುದು, ಗಣಿತವನ್ನು ಆಮೇಲೆ ಹಿಡಿಯುವುದು ಕಷ್ಟ.

ಪಿಯುಸಿ ಅರ್ಥಶಾಸ್ತ್ರದ ಕನ್ನಡ ಪುಸ್ತಕಗಳನ್ನು ಐದು ಜೊತೆ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಒಂದನ್ನು ಮನೆಗೆ ಒಯ್ಯಿರಿ. ನಲವತ್ತು ಪುಟ ಓದಿದ ಮೇಲೂ ಮುಂದೇನು ಎಂದು ಕುತೂಹಲ ಉಳಿದರೆ ಈ ದಾರಿ ನಿಮ್ಮದೂ ಆಗಬಹುದು. ಬೇಸರ ಬಂದರೆ ಪುಸ್ತಕ ವಾಪಸು ಕೊಡಿ, ನಷ್ಟವೇನಿಲ್ಲ.