ನಮ್ಮೂರ ಹೆಂಚು, ಮಲ್ಲೇಶ್ವರದ ಹೆಂಚು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಳೆಯ ವಿದ್ಯಾರ್ಥಿಗಳು ತಮ್ಮ ಸಾಧನೆಯ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದು ಆಹ್ವಾನ ಪತ್ರದಲ್ಲಿ ಬರೆದಿದ್ದರು. ನನ್ನ ಕೆಲಸ ಕೇಳಿದರೆ ನಗುತ್ತೀರಿ. ಬೆಂಗಳೂರಿನಲ್ಲಿ ಕಟ್ಟಡದ ಗುತ್ತಿಗೆದಾರರೊಬ್ಬರ ಹತ್ತಿರ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದೆ. ಹೊಸದು ಕಟ್ಟುವ ಮುಂಚೆ ಹಳೆಯದನ್ನು ಕೆಡವಬೇಕಲ್ಲ, ಅಲ್ಲಿ ನಿಂತು ನೋಡಿಕೊಳ್ಳುವುದು ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು. ಹಾಗಾಗಿ ಕಟ್ಟಿಸಿದ್ದಕ್ಕಿಂತ ಕೆಡವಿಸಿದ್ದರ ನೆನಪೇ ನನಗೆ ಜಾಸ್ತಿ.

ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಇಲ್ಲಿಯ ಹಿರಿಯರು ತಮ್ಮ ಅಜ್ಜಂದಿರಿಂದ ಕೇಳಿರುತ್ತೀರಿ. 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿದರು. ನೇರ ಬೀದಿ, ಮನೆಯ ಸುತ್ತ ಗಾಳಿಗೆ ಜಾಗ, ಹಿಂದೆ ಕಸ ತೆಗೆಯಲು ಸಣ್ಣ ಓಣಿ. ಆಗಿನ್ನೂ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲ. ದಂಡು ಪ್ರದೇಶದ ದೊರೆಗಳ ಬಂಗಲೆಗಳನ್ನು ನೋಡಿ ನಮ್ಮವರೂ ಮುಂದೆ ವರಾಂಡ ಇಟ್ಟರು, ಕಿಟಕಿಯ ಮೇಲೆ ಮರದ ಪಟ್ಟಿಯ ಚೂಪು ಮಾಡು ಇಳಿಸಿದರು. ಅದಕ್ಕೆ ಅಲ್ಲಿ ‘ಮಂಕಿ ಟಾಪ್’ ಎನ್ನುತ್ತಾರೆ. ಹೊರಗೆ ಇಷ್ಟೆಲ್ಲ ದೊರೆಗಳ ಸೊಗಸು, ಒಳಗೆ ಹೋದರೆ ದೇವರ ಕೋಣೆ, ಹಿತ್ತಿಲಿನಲ್ಲಿ ತುಳಸಿ ಕಟ್ಟೆ, ಬಚ್ಚಲಲ್ಲಿ ಹಂಡೆ. ಅದು ಪೂರ್ತಿ ಅವರ ಮನೆಯೂ ಅಲ್ಲ, ಪೂರ್ತಿ ನಮ್ಮದೂ ಅಲ್ಲ. ನನಗಂತೂ ಬಹಳ ಇಷ್ಟವಾಗುತ್ತಿತ್ತು.

ಅಂಥದೊಂದು ಮನೆಯನ್ನು ಸುಮಾರು ಮೂವತ್ತು ವರ್ಷದ ಹಿಂದೆ ಮಲ್ಲೇಶ್ವರದಲ್ಲಿ ಕೆಡವಿಸುತ್ತಿದ್ದೆ. ಅಣ್ಣತಮ್ಮಂದಿರು ಪಾಲಾಗಿದ್ದರು. ಆಳುಗಳು ಇಳಿಸಿ ಕೊಟ್ಟ ಹೆಂಚೊಂದನ್ನು ಸುಮ್ಮನೆ ತಿರುಗಿಸಿ ನೋಡಿದೆ. ‘ಬಾಸೆಲ್ ಮಿಷನ್, ಮಂಗಳೂರು’ ಎಂದು ಇಂಗ್ಲಿಷಿನಲ್ಲಿ ಒತ್ತಿತ್ತು. ನನಗೆ ಕೈ ಆಡಲಿಲ್ಲ. ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ಹೆಂಚು ಕೈಯಾಡಿಸುವಾಗ ಏಣಿಯ ಮೇಲೆ ನಿಂತು ಅಪ್ಪನಿಗೆ ಹೆಂಚು ಕೊಡುತ್ತಿದ್ದವನು ನಾನು. ಅದರ ಮೇಲೂ ಇದೇ ಅಕ್ಷರ. ಶಾಲೆಯಲ್ಲಿ ಎಬಿಸಿಡಿ ಹೇಳಿಕೊಡುವ ಮೊದಲೇ ನಾನು ಕಂಡ ಇಂಗ್ಲಿಷ್ ಅದು. ಜರ್ಮನಿಯ ಪ್ಲೆಬ್ಸ್ಟ್ ಎಂಬ ಮಿಷನರಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಹಾಕಿದ. ನದಿ ದಂಡೆಯ ಜೇಡಿ ಮಣ್ಣು, ಘಟ್ಟ ಹತ್ತಿ ಒಂದು ಹೆಂಚು ಬೆಂಗಳೂರಿನ ವಕೀಲರ ಮನೆಗೆ ಹೋಯಿತು, ಇನ್ನೊಂದು ತೊಗರ್ಸಿಯ ರೈತನ ಮನೆಗೆ ಬಂತು.

ಸಂಜೆ ಆ ಮನೆಯ ಹಿರಿಯಮ್ಮ ಆಟೋದಲ್ಲಿ ಬಂದರು. ಏನೂ ಮಾತಾಡಲಿಲ್ಲ. ಒಂದು ಹೆಂಚು ಕೇಳಿ, ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ನಮ್ಮಲ್ಲಿ ದೇವಸ್ಥಾನಕ್ಕೆ ಕಾನೂನಿದೆ. ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರದ ಮುಂದೆ ಪುರಾತತ್ವ ಇಲಾಖೆಯ ಫಲಕ ನೋಡಿದ್ದೀರಿ. ಅವುಗಳಿಂದ ನೂರು ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ. ದೊಡ್ಡ ಕಚೇರಿಗಾದರೆ ಜನ ನಿಲ್ಲುತ್ತಾರೆ. ಬೆಂಗಳೂರಿನ ಅಠಾರಾ ಕಚೇರಿ, ಅದೇ ಕೆಂಪು ಹೈಕೋರ್ಟು, ಅದನ್ನೂ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಆದರೆ ಜನ ವಾಸ ಮಾಡಿದ ಮನೆ? ಇಂಗ್ಲೆಂಡಿನಲ್ಲಿ 1967ರಲ್ಲಿ ಒಂದು ಕಾನೂನು ತಂದು, ಒಂದೊಂದೇ ಮನೆಯಲ್ಲ, ಇಡೀ ಬೀದಿ, ಇಡೀ ಕೇರಿಯನ್ನೇ ರಕ್ಷಿತ ಪ್ರದೇಶ ಎಂದು ಗುರುತಿಸಿದರು. ಸ್ಟ್ಯಾಮ್‌ಫರ್ಡ್ ಎಂಬ ಊರು ಮೊದಲನೆಯದು. ಮನೆ ಮಾಲೀಕನದ್ದೇ, ಆದರೆ ಬೀದಿಯ ಮುಖ ಎಲ್ಲರದ್ದು ಎಂಬ ಲೆಕ್ಕ. ನಮ್ಮಲ್ಲಿ ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ಎಲ್ಲರಿಂದಲೂ ಆಗುವ ಕೆಲಸವಲ್ಲ ಅದು.

ಇಷ್ಟೆಲ್ಲ ತಿಳಿದ ನಾನು ನನ್ನ ಮನೆ ಉಳಿಸಿಕೊಂಡೆನೇ? ಇಲ್ಲ. ಅಣ್ಣನೂ ನಾನೂ ಪಾಲಾದೆವು. ನಡುಮನೆಯ ಮಧ್ಯೆ ಗೋಡೆ ಎಬ್ಬಿಸುವುದು ಹೇಗೆ? ಜೊತೆಗೆ ಮಂಗಗಳ ಕಾಟ. ಬೆಂಗಳೂರಿನಲ್ಲಿ ಮಂಗನ ಹೆಸರಿನ ಮಾಡು ನೋಡಿ ಮೆಚ್ಚಿದವನಿಗೆ ಊರಲ್ಲಿ ನಿಜವಾದ ಮಂಗಗಳು ಬುದ್ಧಿ ಕಲಿಸಿದವು. ಒಂದು ಬೆಳಿಗ್ಗೆ ಹತ್ತಿಪ್ಪತ್ತು ಹೆಂಚು ಪುಡಿ. ಹೆಂಚು ಕೈಯಾಡಿಸುವವರು ಸಿಗುವುದಿಲ್ಲ, ಸೋರುವ ಮನೆಯಲ್ಲಿ ಅವ್ವ ಪಾತ್ರೆ ಇಟ್ಟುಕೊಂಡು ಕೂರುತ್ತಿದ್ದಳು. ಆದ್ದರಿಂದ ಹಳೆಯ ಮನೆ ಕೆಡವಿದವರ ಮೇಲೆ ಈ ವೇದಿಕೆಯಿಂದ ನಾನು ಬೆರಳು ತೋರಿಸುವುದಿಲ್ಲ. ತಾರಸಿ ಮನೆಯಾಯಿತು. ಬೇಸಿಗೆಯಲ್ಲಿ ಅವ್ವ ಒಳಗೆ ಮಲಗಲಾರದೆ ಬಾಗಿಲ ಮುಂದೆ ಚಾಪೆ ಹಾಸುತ್ತಿದ್ದಳು. ಜಗಲಿ ಇರಲಿಲ್ಲವಲ್ಲ.

ನಾಲ್ಕು ಕಂಬಗಳನ್ನು ಹಳೇ ಮರದ ವ್ಯಾಪಾರಿಗೆ ಕೊಟ್ಟೆವು. ಮೊಸರು ಕಡೆಯುವ ಹಗ್ಗ ಉಜ್ಜಿ ಉಜ್ಜಿ ಒಂದು ಕಂಬಕ್ಕೆ ಬೆರಳಷ್ಟು ಆಳ ಗೆರೆ ಬಿದ್ದಿತ್ತು. ಅಜ್ಜಿ, ಅವ್ವ, ಅತ್ತಿಗೆ ಮೂವರ ಕೈಕೆಲಸ. ಈಗ ಬೆಂಗಳೂರಿನ ಹೋಟೆಲ್ಲುಗಳಲ್ಲಿ ಹಳ್ಳಿ ಮನೆಯ ಕಂಬ ನಿಲ್ಲಿಸುತ್ತಾರೆ. ಎಲ್ಲಿಗೆ ಹೋದರೂ ಊಟಕ್ಕೆ ಕೂರುವ ಮೊದಲು ಕಂಬ ಸವರಿ ನೋಡುತ್ತೇನೆ. ಮೊಮ್ಮಕ್ಕಳಿಗೆ ನಾಚಿಕೆ. ಇನ್ನೂ ಸಿಕ್ಕಿಲ್ಲ.

ನಮ್ಮ ಕೇರಿಯಲ್ಲಿ ಜಗಲಿಗೆ ಜಗಲಿ ಕೂಡಿಕೊಂಡ ಮೂರು ಮನೆ ಇನ್ನೂ ಇವೆ. ಮಳೆ ಬಂದರೂ ಒಂದರಿಂದ ಮೂರನೆಯದಕ್ಕೆ ನೆನೆಯದೆ ಹೋಗಬಹುದು. ಮಾಲೀಕರು ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಉಳಿಸಿ ಎನ್ನಲು ನನಗೆ ಬಾಯಿಲ್ಲ. ಎರಡು ಮಾತು ಮಾತ್ರ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ. ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಕರಗುತ್ತದೆ. ಅದನ್ನು ನೋಡಿ ‘ಹಳೆ ಗೋಡೆ, ತಡೆಯಲಿಲ್ಲ’ ಎನ್ನುತ್ತೇವೆ. ಮಣ್ಣಿಗೆ ಮಣ್ಣು ಇಲ್ಲವೇ ಸುಣ್ಣದ ಗಾರೆಯೇ ಸರಿ.

ಇನ್ನೊಂದು, ಕೆಡವಲೇಬೇಕೆಂದಾದರೆ ಒಂದು ವಾರ ಮುಂಚೆ ಈ ಶಾಲೆಗೆ ಹೇಳಿ ಕಳಿಸಿ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ. ಒಂಬತ್ತನೇ ತರಗತಿಯ ಮಕ್ಕಳು ಬಂದು ಗೋಡೆಯ ದಪ್ಪ, ಕಂಬದ ಎತ್ತರ, ಬಾಗಿಲುವಾಡ, ಅಟ್ಟ ಎಲ್ಲ ಅಳೆದು ನಕ್ಷೆ ಬರೆದುಕೊಳ್ಳುತ್ತಾರೆ. ಯಾವ ಕಂಬಕ್ಕೆ ಏನು ಗುರುತಿದೆ, ಯಾಕಿದೆ ಎಂದು ಮನೆಯ ಅಜ್ಜಿಯರನ್ನು ಕೇಳಿ ಬರೆದುಕೊಳ್ಳುತ್ತಾರೆ. ನಕ್ಷೆ ಬರೆಯುವುದನ್ನು ನಾನು ಹೇಳಿಕೊಡುತ್ತೇನೆ, ಈಗ ಬೇರೆ ಕೆಲಸವಿಲ್ಲ. ಆ ಮೂರು ಮನೆಗಳ ಹೆಂಚು ಕೈಯಾಡಿಸುವ ಈ ವರ್ಷದ ಕೂಲಿಯೂ ನನ್ನದು. ಆಳು ಮಾತ್ರ ನೀವು ಹುಡುಕಿಕೊಡಿ.

ಬರುವ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮೊದಲ ಮನೆಯಿಂದ ಶುರು ಮಾಡೋಣ. ಟೇಪು ತಂದಿದ್ದೇನೆ.