ಮಗು ಅಳುವುದು ಯಾವ ಭಾಷೆಯಲ್ಲಿ?

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ನೀವು ಗೋಡೆಗೆ ಅಂಟಿಸುವ ಪೋಸ್ಟರು, ಬಸ್‌ಸ್ಟಾಂಡಿನಲ್ಲಿ ಹಂಚುವ ಕರಪತ್ರ, ನವೆಂಬರ್ ಬಂತೆಂದರೆ ಹಿಡಿದು ಓಡಾಡುವ ರಸೀದಿ ಪುಸ್ತಕ, ಇವುಗಳಲ್ಲಿ ಒಂದಷ್ಟು ನನ್ನ ಮೆಷಿನ್ನಿನಿಂದಲೇ ಹೊರಬಂದವು. ಕನ್ನಡ ಉಳಿಸಿ, ಕನ್ನಡ ಬಳಸಿ ಎಂದು ಎಷ್ಟು ಸಾವಿರ ಸಲ ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. ಅಚ್ಚು ಹಾಕಿದವನೇ ಅದನ್ನು ಓದದೆ ಹೋದ ಕಥೆಯೊಂದಿದೆ. ಅದನ್ನೇ ಹೇಳುತ್ತೇನೆ.

ನಮ್ಮ ಪ್ರೆಸ್ಸಿನಲ್ಲಿ ಹದಿನೈದು ವರ್ಷದಿಂದ ಬೈಂಡಿಂಗ್ ಕೆಲಸ ಮಾಡುತ್ತಿದ್ದವರೊಬ್ಬರಿದ್ದರು. ಅವರ ಮಗ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ. ಮುಂದೇನು ಎಂದು ನನ್ನ ಹತ್ತಿರ ಕೇಳಲು ಬಂದರು. ನಾನೇನು ಹೇಳಿದೆ ಗೊತ್ತೇ? "ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ, ಇಲ್ಲದಿದ್ದರೆ ಅವನೂ ನಿಮ್ಮ ಹಾಗೆ ಗೋಂದು ಹಚ್ಚುತ್ತಾ ಕೂರುತ್ತಾನೆ" ಎಂದೆ. ಫೀಸಿಗೆ ಸಂಬಳದ ಮೇಲೆ ಮುಂಗಡವನ್ನೂ ಕೊಟ್ಟೆ. ಅದೇ ವಾರ ಯಾವುದೋ ಸಂಘದ ರಾಜ್ಯೋತ್ಸವದ ಬ್ಯಾನರು ನನ್ನ ಮೆಷಿನ್ನಿನಲ್ಲಿ ಓಡುತ್ತಿತ್ತು!

ಮೂರು ತಿಂಗಳಾಗುವಷ್ಟರಲ್ಲಿ ಹುಡುಗನಿಗೆ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ಬರುತ್ತೆ, ಭಾನುವಾರ ಬರುವುದಿಲ್ಲ. ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು, ತಾಯತವೂ ಆಯಿತು. ಏನೂ ಇಲ್ಲ ಎಂದರು. ಕೊನೆಗೆ ಡಾಕ್ಟರೊಬ್ಬರು "ಇದು ಹೊಟ್ಟೆಯದ್ದಲ್ಲ, ಮನಸ್ಸಿನದ್ದು, ಕೌನ್ಸೆಲಿಂಗ್ ಮಾಡಿಸಿ" ಎಂದರು. ನಾನೇ ಸ್ಕೂಟರಿನಲ್ಲಿ ಅಪ್ಪ ಮಗನನ್ನು ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಅಲ್ಲಿದ್ದ ಸಲಹೆಗಾರರು ಒಳ್ಳೆಯವರೇ. ಆದರೆ ಕನ್ನಡ ಬರುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಕೇಳುವುದು, ನಾನು ನನಗೆ ಬರುವಷ್ಟು ಕನ್ನಡಕ್ಕೆ ತಿರುಗಿಸುವುದು, ಹುಡುಗ ಅಪ್ಪನ ಮುಖ ನೋಡಿ "ಏನೂ ಇಲ್ಲ" ಎನ್ನುವುದು. ನಲವತ್ತು ನಿಮಿಷ ಇದೇ ನಡೆಯಿತು. ಯೋಚನೆ ಮಾಡಿ. ಅಪ್ಪನಿಗೆ ಹೇಳಲಾಗದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಮಗು, ಅದನ್ನು ಅಪ್ಪನ ಎದುರಿಗೇ, ಅಪ್ಪನ ಯಜಮಾನನ ಬಾಯಿ ಮೂಲಕ ಹೇಳಬೇಕಂತೆ! ತೊಂದರೆ ಏನೂ ಕಾಣುತ್ತಿಲ್ಲ ಎಂದು ಚೀಟಿ ಬರೆದುಕೊಟ್ಟರು.

ಹತ್ತು ದಿನ ಕಳೆದ ಮೇಲೆ ಹುಡುಗ ಮನೆಗೆ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಮೆಜೆಸ್ಟಿಕ್ಕಿನ ಬಸ್‌ಸ್ಟಾಂಡಿನಲ್ಲಿ ಸಿಕ್ಕ. ಸ್ಕೂಲ್ ಬ್ಯಾಗ್ ತಬ್ಬಿಕೊಂಡು ಕೂತಿದ್ದ. ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ಮಾರನೆಯ ದಿನ ನಮ್ಮ ಪ್ರೆಸ್ಸಿನ ಎದುರು ಮನೆಯ ನಿವೃತ್ತ ಮೇಡಂ ಒಬ್ಬರು ಅವನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಉಪ್ಪಿಟ್ಟು ಕೊಟ್ಟು, ಏನೂ ಕೇಳದೆ ಅವರೆಕಾಯಿ ಬಿಡಿಸುತ್ತಾ ಕೂತರು. ಅರ್ಧ ಗಂಟೆಯಾದ ಮೇಲೆ ಅವನೇ ಅಂದನಂತೆ: "ಮಿಸ್, ಅಪ್ಪ ಸಾಲ ಮಾಡಿ ಫೀಸ್ ಕಟ್ಟವ್ರೆ. ನಂಗೆ ಓದಕ್ಕೇ ಬರಲ್ಲ ಅಂತ ಹೆಂಗ್ ಹೇಳ್ಲಿ?"

ಇಷ್ಟೇ. ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷ್ ಪಾಠ ಓದಬೇಕು, ಎಲ್ಲರೂ ನಗುತ್ತಾರೆ, ಕನ್ನಡದಲ್ಲಿ ಮಾತಾಡಿದರೆ ದಂಡ. ದಂಡ ಕಟ್ಟಲು ಅವನು ಮಧ್ಯಾಹ್ನದ ಕಾಸು ಉಳಿಸುತ್ತಿದ್ದ. ಆ ಸಾಲ ನಾನು ಕೊಟ್ಟಿದ್ದು. ಆ ಸಲಹೆಯೂ ನನ್ನದೇ.

(ಆ ಹುಡುಗ ಈಗ ದೊಡ್ಡವನಾಗಿ ಡಿಪ್ಲೊಮಾ ಓದುತ್ತಿದ್ದಾನೆ. ಅವನನ್ನು ಕೇಳಿಯೇ, ಗುರುತು ಸಿಗದಂತೆ ಈ ಕಥೆ ಹೇಳಿದ್ದೇನೆ.)

ಅಂದು ನಾವು ಏಳು ಜನ ಆ ಮೇಡಂ ಮನೆಯಲ್ಲಿ ಸೇರಿದೆವು. ಏಳೇ ಯಾಕೆಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಬೈಲಾ ಬರೆದೆವು, ನೋಂದಣಿ ಮಾಡಿಸಿದೆವು. ಪ್ರೆಸ್ಸಿನ ಮಹಡಿಯ ಮೇಲಿನ ಗೋಡೌನ್ ಖಾಲಿ ಮಾಡಿ ಸುಣ್ಣ ಹೊಡೆಸಿದೆವು. ಹಣವಿಲ್ಲದ ಮನೆಯ ಮಕ್ಕಳ ಮನಸ್ಸಿನ ಮಾತನ್ನು ಅವರ ಭಾಷೆಯಲ್ಲಿ ಕೇಳುವ ಜಾಗ. ನಮ್ಮ ಉದ್ದೇಶ ಅಷ್ಟೇ.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ನಗುತ್ತಿರಬಹುದು. ಮಕ್ಕಳಿಗೆಂಥಾ ಟೆನ್ಶನ್ನು, ನಾಲ್ಕು ಬಿಗಿದರೆ ಸರಿಹೋಗುತ್ತೆ ಎಂದು. ನಾನೂ ಹಾಗೇ ಅಂದುಕೊಂಡಿದ್ದವನು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಹೇಳಿತು. ಅಂದರೆ ಐವತ್ತು ಮಕ್ಕಳ ಕ್ಲಾಸಿನಲ್ಲಿ ಮೂರೋ ನಾಲ್ಕೋ ಮಕ್ಕಳು. ನೀವು ಓದಿದ ಕ್ಲಾಸಿನಲ್ಲೂ ಇದ್ದರು. ದಡ್ಡ, ಸೋಮಾರಿ, ಮೂಗಬಸಪ್ಪ ಎಂದು ನೀವು ಕರೆದಿರುತ್ತೀರಿ, ಅಷ್ಟೇ.

ಇದೆಲ್ಲ ಹೊರಗಿನಿಂದ ಬಂದ ಫ್ಯಾಷನ್ ಎನ್ನುವವರಿಗೂ ಒಂದು ಮಾತು. ಮಾನಸಿಕ ಆರೋಗ್ಯದ ಕೆಲಸದಲ್ಲಿ ಕನ್ನಡ ನಾಡು ಹಿಂದೆ ಬಿದ್ದ ನಾಡಲ್ಲ. 1974ರಲ್ಲಿ ನಿಮ್ಹಾನ್ಸ್ ಆದದ್ದು ಇದೇ ಬೆಂಗಳೂರಿನಲ್ಲಿ. 1980ರ ದಶಕದಲ್ಲಿ ಅಲ್ಲಿನ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕನ್ನಡಿಗರನ್ನು ನಗಿಸಲು 1942ರಲ್ಲಿ 'ಕೊರವಂಜಿ' ಪತ್ರಿಕೆ ಶುರು ಮಾಡಿದ ಡಾಕ್ಟರ್ ಎಂ. ಶಿವರಾಂ ಅವರು ಮನಸ್ಸಿನ ಬಗ್ಗೆ ಕನ್ನಡದಲ್ಲೇ 'ಮನಮಂಥನ' ಬರೆದು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಮನೋರೋಗದ ಭಯ ಬಿಡಿಸಿದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೀಗಿರುವಾಗ ಇದೇ ಊರಿನಲ್ಲಿ ಕನ್ನಡದ ಮಗು ತನ್ನ ದುಃಖ ಹೇಳಲು ದುಭಾಷಿಯನ್ನು ಹುಡುಕಬೇಕೇ?

ಆದರೆ ಬರೀ ಕನ್ನಡ ಎಂದರೂ ಸಾಲದು, ಯಾವ ಕನ್ನಡ? ಇದನ್ನು ನಾವು ಪೆಟ್ಟು ತಿಂದು ಕಲಿತೆವು. ಮೊದಲು ನಾನೇ ಒಂದು ಫಾರಂ ಅಚ್ಚು ಹಾಕಿದೆ. ಖಿನ್ನತೆ ಇದೆಯೇ? ಉದ್ವಿಗ್ನತೆ ಇದೆಯೇ? ಆತ್ಮವಿಶ್ವಾಸದ ಕೊರತೆ ಇದೆಯೇ? ಎರಡು ಸಾವಿರ ಪ್ರತಿ! ಒಂದು ಮಗುವೂ ತುಂಬಲಿಲ್ಲ. ಒಬ್ಬಳು ಹುಡುಗಿ "ಅಂಕಲ್, ಇದು ಕನ್ನಡ ಪರೀಕ್ಷೆನಾ?" ಎಂದು ಕೇಳಿದಳು. ಆ ಎರಡು ಸಾವಿರ ಹಾಳೆಯೂ ಹಿಂಬದಿಯಲ್ಲಿ ಚಿತ್ರ ಬಿಡಿಸಲು ಉಪಯೋಗಕ್ಕೆ ಬಂತು. ಮಕ್ಕಳು ಖಿನ್ನತೆ ಎನ್ನುವುದಿಲ್ಲ. ಯಾಕೋ ಬೇಜಾರು ಎನ್ನುತ್ತಾರೆ. ಎದೆ ಡವಡವ ಅನ್ನುತ್ತೆ, ಹೊಟ್ಟೆ ತೊಳಸುತ್ತೆ, ತಲೆ ಧಿಮ್ ಅನ್ನುತ್ತೆ, ಯಾರೂ ಬೇಡ ಅನ್ಸುತ್ತೆ ಎನ್ನುತ್ತಾರೆ. ಈಗ ಅಂಥ ಮಾತುಗಳನ್ನೇ ಒಂದು ಹಾಳೆಯಲ್ಲಿ ಚಿತ್ರದ ಜೊತೆ ಅಚ್ಚು ಹಾಕಿದ್ದೇವೆ. ಮಗು ಬೆರಳಿಟ್ಟು ತೋರಿಸುತ್ತದೆ. ಅಲ್ಲಿಂದ ಮಾತು ಶುರು.

ನಮ್ಮ ಕೋಣೆಯಲ್ಲಿ ಏನಿದೆ? ಒಂದು ಚಾಪೆ, ಎರಡು ಕುರ್ಚಿ, ಬಣ್ಣದ ಪೆನ್ಸಿಲ್, ಚೌಕಾಬಾರದ ಮಣೆ. ಬಾಗಿಲಿಗೆ ಗಾಜು. ಒಳಗಿನ ಮಾತು ಹೊರಗೆ ಕೇಳಬಾರದು, ಆದರೆ ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಕಾಣಬೇಕು. ಅಪ್ಪ ಅಮ್ಮನ ಒಪ್ಪಿಗೆ ಪಡೆಯುತ್ತೇವೆ, ಆದರೆ ಮಗು ಮಾತಾಡುವಾಗ ಅವರು ಹೊರಗಿನ ಬೆಂಚಿನ ಮೇಲೆ. ಪುಸ್ತಕದಲ್ಲಿ ಮಗುವಿನ ಹೆಸರಿಲ್ಲ, ನಂಬರ್ ಮಾತ್ರ. ಬೀರುವಿನ ಬೀಗದ ಕೈ ಸಲಹೆಗಾರ್ತಿಯ ಹತ್ತಿರ. ಸಂಘದ ಅಧ್ಯಕ್ಷನಾದ ನನಗೂ ಅದು ಸಿಗುವುದಿಲ್ಲ.

ಒಂದು ಮಾತನ್ನು ಮೊದಲ ದಿನವೇ ಮಗುವಿಗೆ ಹೇಳುತ್ತೇವೆ. ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ನಿನ್ನ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿದ್ದರೆ, ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತದೆ. ಇದು ನಮ್ಮ ದೊಡ್ಡತನವಲ್ಲ, ಕಾನೂನು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಮರ್ಯಾದೆ ಹೋಗುತ್ತೆ ಎಂದು ಕಾಲಿಗೆ ಬಿದ್ದವರಿದ್ದಾರೆ. ನಾವು ಮಗುವಿನ ಕಡೆ ನಿಂತೆವು.

ನೀವು ಸೇವೆ ಮಾಡಲು ಬಂದರೆ ಮೊದಲ ದಿನವೇ ಮಕ್ಕಳ ಮುಂದೆ ಕೂರಿಸುವುದಿಲ್ಲ. ಪೊಲೀಸ್ ಪರಿಶೀಲನೆ ಆಗಬೇಕು, ತರಬೇತಿ ಆಗಬೇಕು. ಆಮೇಲೂ ನಿಮ್ಮ ಕೆಲಸ ಆಟ ಆಡಿಸುವುದು, ಕಿವಿ ಕೊಡುವುದು, ಬುದ್ಧಿವಾದ ಹೇಳದೇ ಇರುವುದು. ಈ ಮೂರನೆಯದೇ ಕಷ್ಟ! ಸಲಹೆ ಕೊಡುವುದು ಓದಿ ತರಬೇತಾದವರ ಕೆಲಸ. ಔಷಧಿ ಬೇಕೆನಿಸಿದರೆ, ಮಗು ಊಟ ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಅದೇ ದಿನ ಮನೋವೈದ್ಯರ ಹತ್ತಿರ. ಅಲ್ಲಿಗೆ ನಾವೂ ಜೊತೆಯಲ್ಲಿ ಹೋಗುತ್ತೇವೆ. ಮಕ್ಕಳಿಗೆಂದೇ ನಿಮ್ಹಾನ್ಸಿನಲ್ಲಿ ಬೇರೆ ವಿಭಾಗವಿದೆ.

ಈಗ ಹಣದ ಮಾತು. ಬಾಡಿಗೆ ನಾನು ತೆಗೆದುಕೊಳ್ಳುವುದಿಲ್ಲ. ಸಲಹೆಗಾರ್ತಿಗೆ ತಿಂಗಳಿಗೆ 18,000 ರೂಪಾಯಿ ಗೌರವಧನ. ಅವರ ಓದಿಗೆ ಅದು ಗೌರವವೂ ಅಲ್ಲ, ಧನವೂ ಅಲ್ಲ. ಕರೆಂಟು, ಆಟೋ, ಮಕ್ಕಳಿಗೆ ಬಾಳೆಹಣ್ಣು ಬಿಸ್ಕತ್ತು ಸೇರಿ ಇನ್ನೊಂದು ಏಳು ಸಾವಿರ. ಪ್ರತಿ ವರ್ಷ ಆಡಿಟ್ ಮಾಡಿಸಿ ಲೆಕ್ಕವನ್ನು ಗೋಡೆಗೆ ಅಂಟಿಸುತ್ತೇವೆ. ಒಬ್ಬ ಮುಖಂಡರು ಐವತ್ತು ಸಾವಿರ ಕೊಡಲು ಬಂದರು. ಮಕ್ಕಳ ಜೊತೆ ಫೋಟೋ, ಅದರ ಬ್ಯಾನರು, ಇಷ್ಟೇ ಅವರ ಷರತ್ತು. ಬ್ಯಾನರ್ ಆರ್ಡರೂ ನನಗೇ! ಕಮಿಟಿಯಲ್ಲಿ ಜಗಳವಾಯಿತು. ನನಗೂ ಆಸೆಯಾಯಿತು, ಸುಳ್ಳು ಹೇಳಲಾರೆ. ಆಗ ಆ ಮೇಡಂ "ನಿಮ್ಮ ಮಗನ ಫೋಟೋ ಹಾಕ್ತೀರಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಹಣ ವಾಪಸ್ಸು ಹೋಯಿತು. ಎರಡು ತಿಂಗಳು ಗೌರವಧನ ತಡವಾಯಿತು.

ಇನ್ನೊಂದು ಮಾತು. ಇದು ನಿಮಗೆ ಕಹಿ ಅನ್ನಿಸಬಹುದು. ಒಂದು ದಿನ ಪಕ್ಕದ ಕಟ್ಟಡ ಕೆಲಸದವರ ಮಗಳನ್ನು ಕರೆತಂದರು. ರಾಯಚೂರಿನವರಲ್ಲ, ಒಡಿಶಾದವರು. ಹುಡುಗಿಗೆ ಕನ್ನಡವೂ ಇಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. "ಇದು ಕನ್ನಡದ ಸಂಘ, ಮೊದಲು ಕನ್ನಡ ಕಲಿಯಲಿ" ಎಂದರು ನಮ್ಮಲ್ಲೊಬ್ಬರು. ನನಗೆ ಆ ಕ್ಲಿನಿಕ್ಕಿನ ಕುರ್ಚಿ ನೆನಪಾಯಿತು. ನಮ್ಮ ಹುಡುಗನಿಗೆ ಆದದ್ದನ್ನೇ ನಾವು ಈ ಹುಡುಗಿಗೆ ಮಾಡುವುದೇ? ಒಡಿಯಾ ಬಲ್ಲ ಹೆಣ್ಣುಮಗಳೊಬ್ಬರನ್ನು ಹುಡುಕಿ ತಂದೆವು. ಕನ್ನಡ ಕಲಿಸುವುದು ಬೇಡವೇ? ಖಂಡಿತ ಬೇಕು. ಆ ಹುಡುಗಿ ಈಗ ಚೌಕಾಬಾರದಲ್ಲಿ ಕನ್ನಡದಲ್ಲೇ ಜಗಳವಾಡುತ್ತಾಳೆ. ಆದರೆ ಅಳು ಮೊದಲು, ಪಾಠ ಆಮೇಲೆ. ತಾಯ್ನುಡಿಯ ಹಕ್ಕು ನಮಗೊಂದು, ಇನ್ನೊಬ್ಬರಿಗೊಂದು ಎಂದಾದರೆ ಅದು ಹಕ್ಕಲ್ಲ, ಹಟ.

ಇನ್ನು ನಿಮ್ಮ ಕೆಲಸ. ಕಾನೂನು ನಮ್ಮ ಕಡೆ ಇದೆ, ಬಳಸುವವರಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಮು, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎನ್ನುತ್ತದೆ. ಪೋಕ್ಸೋ ಕಾಯ್ದೆಯ 19ನೇ ಕಲಮು, ಮಗುವಿಗೆ ತಿಳಿಯದ ಭಾಷೆಯಲ್ಲಿ ದೂರು ಬರೆಯುವುದಾದರೆ ಅನುವಾದಕರನ್ನು ಒದಗಿಸಬೇಕು ಎನ್ನುತ್ತದೆ. ಅಂಗಡಿ ಬೋರ್ಡಿಗೆ ಹೋರಾಡುವ ನಾವು ಆಸ್ಪತ್ರೆಗೆ ಹೋಗಿ ಇದನ್ನು ಕೇಳಿದ್ದೇವೆಯೇ? ಕಲ್ಲು ಬೇಡ, ಕೂಗಾಟವೂ ಬೇಡ. ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಎರಡು ನಂಬರ್ ಬಾಯಿಪಾಠ ಮಾಡಿ. 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು. 1098, ಮಕ್ಕಳ ಸಹಾಯವಾಣಿ. ನಿಮ್ಮ ತಮ್ಮನೋ ತಂಗಿಯೋ ಮಂಕಾಗಿದ್ದರೆ, ಶಾಲೆ ಎಂದರೆ ಹೊಟ್ಟೆ ಹಿಡಿದುಕೊಂಡರೆ, ಇಷ್ಟದ ಆಟವನ್ನೂ ಬಿಟ್ಟಿದ್ದರೆ, ಬೈಯಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಅವರೆಕಾಯಿ ಬಿಡಿಸಿ.

ನಮ್ಮ ಸಲಹೆಗಾರ್ತಿಗೆ ಒಂದು ಕಂಪನಿಯಿಂದ ಇದರ ಮೂರರಷ್ಟು ಸಂಬಳಕ್ಕೆ ಕರೆ ಬಂದಿದೆ. ಮೂರು ತಿಂಗಳು ಕಾಯುತ್ತೇನೆ ಎಂದಿದ್ದಾರೆ. ಹೋಗಬೇಡಿ ಎನ್ನುವ ಬಾಯಿ ನನಗಿಲ್ಲ. ಅವರಿಗೂ ಮನೆಯಿದೆ. ಅವರು ಹೋದರೆ ಆ ಕೋಣೆಗೆ ಮತ್ತೆ ಕಾಗದದ ರೀಮು ತುಂಬಬೇಕಾಗುತ್ತದೆ. ರಾಜ್ಯೋತ್ಸವಕ್ಕೆ ಒಂದು ರಾತ್ರಿಯ ಆರ್ಕೆಸ್ಟ್ರಾಗೆ ಖರ್ಚಾಗುವ ಹಣ ನನಗೆ ಗೊತ್ತು, ಅದರ ರಸೀದಿ ಪುಸ್ತಕ ಅಚ್ಚು ಹಾಕುವವನು ನಾನೇ ತಾನೇ? ಅದರಲ್ಲಿ ಕಾಲು ಭಾಗ ನಿಮ್ಮ ಬಡಾವಣೆಯ ಮಕ್ಕಳಿಗೆ ಎತ್ತಿಡಿ. ನಮಗೇ ಕೊಡಿ ಎನ್ನುತ್ತಿಲ್ಲ. ನಿಮ್ಮ ಬೀದಿಯಲ್ಲೇ ಒಂದು ಕೋಣೆ ಹುಡುಕಿ, ತರಬೇತಾದ ಒಬ್ಬರನ್ನು ಕರೆತನ್ನಿ, ವಾರಕ್ಕೆ ಎರಡು ಗಂಟೆ ನೀವೂ ಕೂತುಕೊಳ್ಳಿ. ತರಬೇತಾದವರು ಸಿಗುವ ತನಕ ಶುರು ಮಾಡಬೇಡಿ, ಅಷ್ಟು ನೆನಪಿರಲಿ.

ಬಾವುಟ ಎತ್ತುವ ಕೈ ನಮಗೆ ಬೇಕು. ಅದೇ ಕೈ ಅಳುವ ಮಗುವಿನ ಬೆನ್ನು ಸವರಲಿ. ಆ ಮಗು ನಾಳೆ ತನ್ನ ಕನ್ನಡವನ್ನು ಬಿಟ್ಟುಕೊಡುವುದಿಲ್ಲ. ಯಾಕೆಂದರೆ ಕಷ್ಟದಲ್ಲಿದ್ದಾಗ ಅದರ ಮಾತು ಕೇಳಿಸಿಕೊಂಡ ಭಾಷೆ ಅದು.

ಸಿರಿಗನ್ನಡಂ ಗೆಲ್ಗೆ.