ಪಾದ ಮುಟ್ಟಿ ನೋಡಿದ ಆಶಾ ಅಕ್ಕ

ನಮ್ಮಕ್ಕನ ಮಗು ಏಳನೇ ದಿನ ಹಾಲು ಕುಡೀತಿರ್ಲಿಲ್ಲ. ನಿದ್ದೆ ಜಾಸ್ತಿ ಅಂದ್ಕೊಂಡಿದ್ವಿ. ಮನೆಗೆ ಬಂದ ಆಶಾ ಅಕ್ಕ ಪಾದ ಮುಟ್ಟಿ, "ತಣ್ಣಗಿದೆ, ಎದೆಗವುಚ್ಕೊಂಡು ಈಗ್ಲೇ ಆಸ್ಪತ್ರೆಗೆ ಹೊರಡಿ" ಅಂದ್ರು. ಮಗು ಉಳೀತು.

ಈ ಮನೆಭೇಟಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿನ 39 ಹಳ್ಳಿಗಳಲ್ಲಿ ಡಾ. ಅಭಯ್ ಮತ್ತು ರಾಣಿ ಬಂಗ್ ದಂಪತಿ ಊರಿನ ಹೆಂಗಸರಿಗೇ ಕಲಿಸಿದ್ರು: ಕೂಸನ್ನು ತೂಗೋದು, ಬೆಚ್ಚಗಿಡೋದು, ಸೋಂಕು ಗುರುತಿಸಿ ಇಂಜೆಕ್ಷನ್ ಕೊಡೋದು. ಹೌದು, ಇಂಜೆಕ್ಷನ್ನೇ! ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವಿನ ಪ್ರಮಾಣ ಶೇ 62ರಷ್ಟು ಇಳೀತು. 1999ರಲ್ಲಿ 'ಲ್ಯಾನ್ಸೆಟ್' ಅದನ್ನು ಪ್ರಕಟಿಸಿತು.

2011ರಿಂದ ದೇಶದ ಆಶಾಗಳೂ ಹೀಗೆ ಮನೆಗೆ ಬರ್ತಾರೆ. ಆಸ್ಪತ್ರೆ ಹೆರಿಗೆಯಾದ್ರೆ 42 ದಿನದಲ್ಲಿ ಆರು ಭೇಟಿ, ಒಟ್ಟು 250 ರೂಪಾಯಿ ಪ್ರೋತ್ಸಾಹಧನ. ಬಿ.ಕಾಂ. ಬುದ್ಧಿ, ಭಾಗಿಸಿದೆ: ಭೇಟಿಗೆ 41 ರೂಪಾಯಿ 67 ಪೈಸೆ. ನಾವಂತೂ ಅವತ್ತು ಅವರಿಗೆ ಕಾಫಿನೂ ಕೊಟ್ಟಿರ್ಲಿಲ್ಲ.